ದೊಡ್ಡಬಳ್ಳಾಪುರದಲ್ಲಿ ನಾಲ್ಕು ಕೋಲಿನ ಜಾಝ್

ದೊಡ್ಡಬಳ್ಳಾಪುರದಲ್ಲಿ ಕೂತು ವೈಬ್ರಫೋನಿನಲ್ಲಿ ಜಾಝ್ ನುಡಿಸುತ್ತೇನೆಂದು ಹೊರಟವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಮನೆ ಬಾಗಿಲಿಗೆ ಬರುತ್ತವೆ. ಲೋಹದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ವಾದ್ಯ ಇದು. ತುದಿಗೆ ನೂಲು ಸುತ್ತಿದ ಕೋಲುಗಳನ್ನು ಕೈಗೆ ಎರಡೆರಡರಂತೆ ಹಿಡಿದು ಬಾರಿಸಿದರೆ ನಾಲ್ಕು ಸ್ವರ ಒಟ್ಟಿಗೆ ಹೊರಡುತ್ತವೆ, ಅದೇ ಕಾರ್ಡ್. ಕಾರ್ಡ್ ನನಗೆ ಹೇಗೋ ಒಲಿದಿತ್ತು. ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟಿ ನುಡಿಸುವ ಸೋಲೋ ಮಾತ್ರ ಹತ್ತಿರಕ್ಕೂ ಬರುತ್ತಿರಲಿಲ್ಲ. ನಮ್ಮ ಬ್ಯಾಂಡಿನ ಯಜಮಾನರಾದ ಸ್ಯಾಕ್ಸಫೋನ್ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು: "ರಾಜ್ಯೋತ್ಸವದ ದಿನ ಒಂದು ಸೋಲೋ ನೆಟ್ಟಗೆ ನುಡಿಸಿ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಕೀಬೋರ್ಡ್ ತಗೋತೀನಿ."

ನೂಲು ಬಿಚ್ಚಿದ ಕೋಲು

ಅಭ್ಯಾಸದ ಭರಕ್ಕೆ ಕೋಲುಗಳ ನೂಲು ಬಿಚ್ಚಿಹೋಯಿತು. ಸೀರೆಗೆ ಕುಚ್ಚು ಕಟ್ಟುವ ಪಕ್ಕದ ಮನೆ ಅಕ್ಕನಿಗೆ ಕೊಟ್ಟೆ. ಸಂಜೆಗೆ ಬಿಗಿಯಾಗಿ ಸುತ್ತಿ ಕೊಟ್ಟರು. ನಾಲ್ಕಕ್ಕೂ ರೇಷ್ಮೆ ಕುಚ್ಚು ಬೇರೆ ನೇತಾಡುತ್ತಿತ್ತು.

"ಕುಚ್ಚು ಯಾಕಕ್ಕಾ?"

"ಬೋಳು ಬೋಳಾಗಿತ್ತು ಸಾರ್. ಕೇಳೋಕಾಗ್ದಿದ್ರೂ ನೋಡೋಕಾದ್ರೂ ಚೆನ್ನಾಗಿರ್ಲಿ ಅಂತ."

ಮಗ್ಗದ ತಾಳ

ನಮ್ಮ ಮನೆಯ ಎರಡೂ ಪಕ್ಕ ಪವರ್‌ಲೂಮ್. ಆ ಟಕಟಕಕ್ಕೆ ಹೊಂದಿಸಿಯೇ ನಾನು ಕಲಿತದ್ದು. ಒಮ್ಮೆ ಮೇಷ್ಟ್ರು ಮನೆಗೇ ಬಂದು ಕೇಳಿದರು. "ಲಯ ಗಟ್ಟಿಯಾಗಿದೆಯಲ್ರೀ" ಎಂದು ತಲೆಯನ್ನೂ ಆಡಿಸಿದರು. ಅಷ್ಟರಲ್ಲಿ ಕರೆಂಟ್ ಹೋಗಿ ಮಗ್ಗಗಳು ನಿಂತವು. ನನ್ನ ಕೈಯೂ ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?"

"ಕರೆಂಟ್ ಹೋಯ್ತಲ್ಲ ಸಾರ್."

"ನಿಮ್ಮ ವಾದ್ಯಕ್ಕೆ ಕರೆಂಟ್ ಬೇಕಾ?"

"ವಾದ್ಯಕ್ಕೆ ಬೇಡ ಸಾರ್, ನನಗೆ ಬೇಕು."

ಸೋಲೋ ನಡುವೆ ಸನ್ಮಾನ

ರಾಜ್ಯೋತ್ಸವ ಬಂತು. ಇಡೀ ಸೋಲೋವನ್ನು ಮಗ್ಗಿಯಂತೆ ಉರು ಹೊಡೆದು ವೇದಿಕೆ ಹತ್ತಿದ್ದೆ. ಶುರು ಮಾಡಿದ್ದೇ ತಡ, ಸಂಘಟಕರು ಮೈಕ್ ಹಿಡಿದರು: "ಮುಖ್ಯ ಅತಿಥಿಗಳು ದೇವನಹಳ್ಳಿ ಕಾರ್ಯಕ್ರಮಕ್ಕೆ ಹೊರಡಬೇಕಾಗಿರೋದ್ರಿಂದ ಕಲಾವಿದರ ಸನ್ಮಾನ ಈಗಲೇ. ಕಲಾವಿದರು ನುಡಿಸ್ತಾ ಇರಬಹುದು."

ಶಾಲು ಹೊದಿಸಿದರು, ಸಹಿಸಿಕೊಂಡೆ. ಹಾರ ಹಾಕಿದರು, ಅದು ಪಟ್ಟಿಗಳ ಮೇಲೆ ಉಜ್ಜಾಡಿತು. ಕೊನೆಗೆ ಮೈಸೂರು ಪೇಟ ಇಟ್ಟರು. ಅದು ಯಾರದೋ ದೊಡ್ಡ ತಲೆಯ ಅಳತೆಯದು, ಜಾರಿ ಮೂಗಿನ ಮೇಲೆ ಕೂತಿತು. ಮೇಲಕ್ಕೆ ಸರಿಸಲು ಬಿಡುವಾದ ಕೈ ಎಲ್ಲಿದೆ? ನಿಲ್ಲಿಸಿದರೆ ಕೀಬೋರ್ಡ್ ಬರುತ್ತದೆ.

ಕಣ್ಣು ಕಾಣದೆ ಕೋಲು ತಪ್ಪು ಪಟ್ಟಿಗೆ ಬಿತ್ತು. ಉರು ಹೊಡೆದದ್ದೆಲ್ಲ ಮರೆತುಹೋಯಿತು. ಮಾನ ಉಳಿಸಿಕೊಳ್ಳಲು ಆ ತಪ್ಪನ್ನೇ ಮತ್ತೆ ಬಾರಿಸಿದೆ, ಬೇಕೆಂದೇ ಮಾಡಿದ ಹಾಗೆ ಕೇಳಿಸಿತು. ಮೇಷ್ಟ್ರ ಸ್ಯಾಕ್ಸಫೋನು ಅದಕ್ಕೆ ಉತ್ತರ ಕೊಟ್ಟಿತು. ನಾನು ಇನ್ನೊಂದು ತಪ್ಪು ಎಸೆದೆ. ಭಯವೆಲ್ಲ ಹೋಗಿ ಹುಚ್ಚು ಖುಷಿಯಾಗತೊಡಗಿತು. ಮುಗಿದಾಗ ಜೋರು ಚಪ್ಪಾಳೆ.

ಮೇಷ್ಟ್ರು ಕಿವಿಯ ಹತ್ತಿರ ಬಂದು, "ಇವತ್ತು ನುಡಿಸಿದ್ರಿ ನೋಡಿ ಸೋಲೋ. ಜಾಗ ನಿಮ್ದೇ. ಆದ್ರೆ ಇನ್ಮೇಲೆ ಪೇಟ ಇಲ್ದೆ ನುಡಿಸ್ಬೇಡಿ" ಎಂದರು.

ಅಷ್ಟರಲ್ಲಿ ಸಂಘಟಕರು ಬಂದು ನನ್ನ ತಲೆಯಿಂದ ಪೇಟ ಎತ್ತಿಕೊಂಡರು. "ತಪ್ಪು ತಿಳ್ಕೋಬೇಡಿ ಸಾರ್. ಇನ್ನೂ ಐದು ಜನಕ್ಕೆ ಸನ್ಮಾನ ಇದೆ, ಪೇಟ ಇರೋದು ಇದೊಂದೇ."