ಮೇಷ್ಟ್ರ ಚರಿತ್ರೆ

ಚಳಿಗಾಲದ ಒಂದು ಸೋಮವಾರ, ಬೆಳಗಿನ ಪ್ರಾರ್ಥನೆಗೆ ಇನ್ನೂ ಕಾಲು ಗಂಟೆ ಇದ್ದಾಗ ಇದು ಶುರುವಾಯಿತು. ಚರ್ಚಿನ ಪಕ್ಕದ, ಚರ್ಚಿನವರೇ ನಡೆಸುವ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಸೈಕಲ್ಲಿಗೆ ಬೀಗ ಹಾಕುತ್ತಿದ್ದರು. ಗುಮಾಸ್ತ ಓಡೋಡಿ ಬಂದ.

"ಸಾರ್, ದೊಡ್ಡ ಫಾದರ್ ಇವತ್ತು ನಿಮ್ಮ ಕ್ಲಾಸಲ್ಲಿ ಕೂತ್ಕೋತಾರಂತೆ. ಹೆಡ್‌ಮಾಸ್ಟರ್ ಕುರ್ಚಿ ನಿಮಗೋ ಲೆಕ್ಕದ ಮೇಷ್ಟ್ರಿಗೋ ಅಂತ ಇವತ್ತೇ ತೀರ್ಮಾನ. ದಮ್ಮಯ್ಯ, ಆ ಮಕ್ಕಳ ಬಾಯಿಗೂ ಒಂದು ಬೀಗ ಹಾಕಿ!"

ಆ ಕುರ್ಚಿಯ ಮೇಲೆ ಮೇಷ್ಟ್ರಿಗೆ ಮೂವತ್ತು ವರ್ಷದ ಆಸೆ. ಆದರೆ ಅವರು ಕಲಿಸಿದ್ದು ಒಂದೇ ಪಾಠ: ಯಾರು ಏನೇ ಹೇಳಲಿ, 'ಆಧಾರ ಏನು?' ಎಂದು ಕೇಳಿ. ಮಕ್ಕಳು ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಡ್ರಿಲ್ ಮೇಷ್ಟ್ರು ಜ್ವರವೆಂದು ಕೂತರೆ ಹಣೆ ಮುಟ್ಟಿ ನೋಡುತ್ತಿದ್ದರು.

"ಇವತ್ತೊಂದಿನ ಆ ಮಕ್ಕಳನ್ನ ಗೊಂಬೆ ಹಾಗೆ ಕೂರಿಸ್ರೀ. ನಿಮ್ಮ ಒಳ್ಳೇದಕ್ಕೇ ಹೇಳೋದು," ಎಂದರು ವರಾಂಡದಲ್ಲಿ ಎದುರಾದ ಲೆಕ್ಕದ ಮೇಷ್ಟ್ರು, ಹಾಲಿನ ಪಾತ್ರೆಗೆ ಕಾವಲು ಕೂತ ಬೆಕ್ಕಿನ ಹಾಗೆ.

"ಮಕ್ಕಳೇ, ಇವತ್ತು ಪ್ರಶ್ನೆ ಬೇಡ," ಎಂದರು ಚರಿತ್ರೆ ಮೇಷ್ಟ್ರು ಕ್ಲಾಸಿಗೆ ಕಾಲಿಟ್ಟವರೇ.

"ಯಾಕೆ ಸಾರ್?" ನಲವತ್ತು ಬಾಯಿ ಒಟ್ಟಿಗೆ ಕೇಳಿದವು.

ಅಷ್ಟರಲ್ಲಿ ದೊಡ್ಡ ಫಾದರ್ ಬಂದೇಬಿಟ್ಟರು. ಹಿಂದೆ ಗುಮಾಸ್ತ, ಅವನ ಹಿಂದೆ ಲೆಕ್ಕದ ಮೇಷ್ಟ್ರು.

"ಈ ಶಾಲೆ ಸ್ಥಾಪಿಸಿದ ಗುರುಗಳು ಒಂದೊಂದು ಕಲ್ಲನ್ನೂ ತಾವೇ ಹೊತ್ತರು, ಗೊತ್ತಾ ಮಕ್ಕಳೇ?" ಎಂದರು ಫಾದರ್.

ಎರಡು ಜಡೆಯ ಹುಡುಗಿ ತುಟಿ ಬಿಗಿಹಿಡಿದಳು. ಕುದಿಯುವ ಪಾತ್ರೆಯ ಮುಚ್ಚಳ ಎಷ್ಟು ಹೊತ್ತು ನಿಂತೀತು?

"ಆಧಾರ ಏನು ಫಾದರ್? ಆಫೀಸಿನ ಹಳೇ ಫೋಟೋದಲ್ಲಿ ಕಲ್ಲು ಹೊರ್ತಿರೋರು ಇಪ್ಪತ್ತು ಜನ. ಗುರುಗಳು ಕೊಡೆ ಹಿಡ್ಕೊಂಡು ನಿಂತಿದ್ದಾರೆ."

ಗುಮಾಸ್ತ ಹಣೆ ಚಚ್ಚಿಕೊಂಡ. ಲೆಕ್ಕದ ಮೇಷ್ಟ್ರು ಸಂಕಟದ ಮುಖ ಮಾಡಿ ಒಳಗೊಳಗೇ ನಕ್ಕರು. ಫಾದರ್ ಮಾತ್ರ ಹೊಟ್ಟೆ ಕುಲುಕುವಂತೆ ನಕ್ಕರು.

"ಸತ್ಯ ಹೇಳೋಕೆ ಹೆದರದ ಮಕ್ಕಳು! ಇಂಥ ಮೇಷ್ಟ್ರೇ ಹೆಡ್‌ಮಾಸ್ಟರ್ ಆಗ್ಬೇಕು. ಗುಮಾಸ್ತರೇ, ಸರ್ವಿಸ್ ರಿಜಿಸ್ಟರ್ ತನ್ನಿ, ಆದೇಶ ಬರೀತೀನಿ."

ಚರಿತ್ರೆ ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ. ಆ ಸಡಗರದಲ್ಲಿ ಹುಡುಗಿ ಕೈಬರಹದ ಒಂದು ಪುಸ್ತಕ ತಂದು ಫಾದರ್ ಕೈಗಿಟ್ಟಳು.

"ನಮ್ಮ ಮೇಷ್ಟ್ರ ಚರಿತ್ರೆ ಫಾದರ್. ನಾವೇ ಬರೆದಿದ್ದು. ಎಲ್ಲಕ್ಕೂ ಆಧಾರ ಇದೆ."

ಫಾದರ್ ಮೊದಲ ಪುಟ ಓದಿದರು. ಗುಮಾಸ್ತ ತಂದ ರಿಜಿಸ್ಟರ್ ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಮೇಷ್ಟ್ರೇ, ರಿಜಿಸ್ಟರಲ್ಲಿ ನಿಮಗೆ ಐವತ್ತೆಂಟು. ಮಕ್ಕಳು ಇದರಲ್ಲಿ ನಕಲು ಮಾಡಿರೋ ಚರ್ಚಿನ ಜ್ಞಾನಸ್ನಾನದ ಪುಸ್ತಕದ ಪ್ರಕಾರ ಹೋದ ವಾರ ಅರವತ್ತು ತುಂಬಿದೆ. ಅರವತ್ತಕ್ಕೆ ನಿವೃತ್ತಿ ಅಲ್ವಾ?"

ಮೇಷ್ಟ್ರು ತಬ್ಬಿಬ್ಬಾದರು. "ನನಗೂ ಗೊತ್ತಿರ್ಲಿಲ್ಲ ಫಾದರ್. ಅಪ್ಪ ನನ್ನನ್ನ ತಡವಾಗಿ ಶಾಲೆಗೆ ಸೇರಿಸಿದ್ರು. ಎಂಟನ್ನ ಆರು ಅಂತ ಬರೆಸಿರ್ಬೇಕು, ಅದೇ ಈ ರಿಜಿಸ್ಟರಿಗೂ ಬಂದಿದೆ."

"ಚರ್ಚಿನ ಪುಸ್ತಕದಲ್ಲೇ ತಪ್ಪಿದೆ ಅಂತ ಒಂದು ಮಾತು ಹೇಳಿ, ಸಾಕು," ಎಂದರು ಫಾದರ್ ಮೆಲ್ಲಗೆ, ಪೆನ್ನು ಹಿಡಿದೇ.

"ಹೇಳಿ ಸಾರ್, ಹೇಳಿ!" ಗುಮಾಸ್ತ ಮೊಣಕೈಯಿಂದ ತಿವಿದ.

ಮೇಷ್ಟ್ರು ಕುರ್ಚಿಯನ್ನು ನೆನೆದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಎರಡರಲ್ಲಿ ಯಾವುದನ್ನ ನಂಬೋದು, ಹೇಳಮ್ಮ."

"ಚರ್ಚಿನದನ್ನ ಸಾರ್. ಅದು ನೀವು ಹುಟ್ಟಿದ ವಾರದಲ್ಲೇ ಬರೆದಿದ್ದು. ಶಾಲೇದು ಎಂಟು ವರ್ಷ ಆದ್ಮೇಲೆ, ಯಾರೋ ಹೇಳಿದ್ದು ಕೇಳಿ ಬರೆದಿದ್ದು." ಹೇಳಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು. "ಅಯ್ಯೋ, ಸಾರ್..."

"ಶಹಬ್ಬಾಸ್!" ಮೇಷ್ಟ್ರು ಅವಳ ಬೆನ್ನು ತಟ್ಟಿದರು. "ಕೇಳಿದ್ರಾ ಫಾದರ್? ಇದಕ್ಕಿಂತ ಒಳ್ಳೇ ಉತ್ತರ ನನ್ನ ಸರ್ವಿಸ್‌ನಲ್ಲೇ ಕೇಳಿಲ್ಲ."

ಗುರುವಾರ ಲೆಕ್ಕದ ಮೇಷ್ಟ್ರು ಕುರ್ಚಿ ಏರಿದರು. ಮದುವೆ ಗಂಡಿನ ಹಾಗೆ ಎದೆ ಸೆಟೆಸಿಕೊಂಡು ಚರಿತ್ರೆ ಮೇಷ್ಟ್ರು ಶಾಲೆ ಬಿಟ್ಟು ಹೊರಟದ್ದು ಶುಕ್ರವಾರ.