ನೇಪಾಳದ ದಾರಿಯಲ್ಲಿ ಜೋಡಿಯಿಲ್ಲದ ಮ್ಯಾಡಂ

ಹಿಮಾಲಯ ನನಗೆ ಹೊಸದಲ್ಲ. ಸಾಂಗಲಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವ ನಾನು ವರ್ಷ ವರ್ಷವೂ ಅದನ್ನು ಕರಿಹಲಗೆಯ ಮೇಲೆ ಬರೆದು, ತಾಸು ಮುಗಿದ ಮೇಲೆ ನನ್ನ ಕೈಯಾರೆ ಒರೆಸಿ ಬಂದವಳು. ಹೀಗಾಗಿ ನೇಪಾಳ ಪ್ರವಾಸಕ್ಕೆ ಮುಖ್ಯಸ್ಥರು ಯಾರು ಎಂಬ ಪ್ರಶ್ನೆ ಎದ್ದಾಗ ನಾನು ಕೈ ಎತ್ತಲಿಲ್ಲ. ಎಲ್ಲರೂ ತಾವಾಗಿಯೇ ನನ್ನತ್ತ ನೋಡಲಿ ಎಂದು ಕಾದೆ. ನೋಡಿದರು.

ಆ ವರ್ಷವೇ ನಮ್ಮ ಕಾಲೇಜನ್ನೂ ಮಿರಜದ ಇನ್ನೊಂದು ಕಾಲೇಜನ್ನೂ ಸೇರಿಸಿ ಒಂದು ಮಾಡಿದ್ದರು. ಆಡಳಿತ ಮಂಡಳಿ ಒಂದಾಯಿತು, ಬಾಗಿಲ ಮೇಲಿನ ಬೋರ್ಡು ಒಂದಾಯಿತು, ಹುಡುಗರು ಮಾತ್ರ ಆಗಲಿಲ್ಲ. ಕ್ಯಾಂಟೀನಿನಲ್ಲೂ ಸಾಂಗಲಿಯವರದೊಂದು ಬೆಂಚು, ಮಿರಜದವರದೊಂದು ಬೆಂಚು. ಒಟ್ಟಿಗೆ ಬೆಟ್ಟ ಹತ್ತಿದರೆ ಮನಸ್ಸು ಕೂಡುತ್ತದೆ ಎಂದು ಪ್ರಾಂಶುಪಾಲರು ಈ ಪ್ರವಾಸ ಹಾಕಿದ್ದರು.

ಸಾಂಗಲಿಯಲ್ಲಿ ಅರಿಷಿಣದ ವ್ಯಾಪಾರ ಮಾಡುವ ನನ್ನ ಯಜಮಾನರು ಮಿರಜ ಸ್ಟೇಶನ್ನಿಗೆ ಬಂದು ನನ್ನನ್ನು ರೈಲು ಹತ್ತಿಸಿದರು.

"ಪೋರಗೋಳ ಹುಷಾರ ಅದಾವ. ನೀ ಒಬ್ಬಾಕಿ ಸಂಭಾಳಸ್ಕೊ," ಎಂದರು.

"ನನಗೇನ ಆಗ್ತೈತ್ರಿ?" ಎಂದು ನಕ್ಕೆ.

ಗೋರಖಪುರದವರೆಗೆ ರೈಲು. ಅಲ್ಲಿಂದ ಗಡಿ ದಾಟಿ ನೇಪಾಳದ ಬಸ್ಸು. ಬಸ್ಸಿನ ಎಡಗಡೆ ಮಿರಜ ಕುಳಿತಿತು, ಬಲಗಡೆ ಸಾಂಗಲಿ. ಅಲ್ಲಿಯೇ ನಾನೊಂದು ಸುಧಾರಣೆ ಜಾರಿಗೆ ತಂದೆ. ಸಾಂಗಲಿಯ ಒಬ್ಬರಿಗೆ ಮಿರಜದ ಒಬ್ಬರು ಜೋಡಿ. ಬಸ್ಸು ಎಲ್ಲಿ ನಿಂತರೂ, ಹೊರಡುವ ಮೊದಲು ತಮ್ಮ ಜೋಡಿ ಬಂದಿದ್ದಾರೆಯೇ ಎಂದು ನೋಡಿ ಕೂಗಿ ಹೇಳಬೇಕು. ಮುಖ ಹುಳಿ ಮಾಡಿಕೊಂಡೇ ಒಪ್ಪಿದರು. ಮಿರಜದಿಂದ ಬಂದಿದ್ದ ಇನ್ನೊಬ್ಬ ಅಧ್ಯಾಪಕರು ಮೊದಲ ತಿರುವುಗಳಲ್ಲೇ ವಾಂತಿಯಾಗಿ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದರು. ಎಲ್ಲ ಭಾರ ನನ್ನ ಮೇಲೆ. ಭಾರ ಹೊರುವುದರಲ್ಲಿ ನನಗೆ ಸುಖವಿತ್ತು.

ಮರುದಿನ ಪೋಖರಾದ ದಾರಿಯಲ್ಲಿ, ಬೆಟ್ಟಸಾಲಿನ ಮೇಲೆ ಬೆಳ್ಳಗೆ ಏನೋ ಹೊಳೆಯಿತು. ನಾನು ಎದ್ದು ನಿಂತು, "ವಿದ್ಯಾರ್ಥಿಗಳೇ, ಅದೇ ಅನ್ನಪೂರ್ಣಾ ಶಿಖರ," ಎಂದು ಘೋಷಿಸಿದೆ. ಎಲ್ಲರೂ ಕಿಟಕಿಗೆ ಮುಗಿಬಿದ್ದು ಫೋಟೊ ಹೊಡೆದರು. ನಾನು ಮಡಿಕೆ ಪರ್ವತಗಳು ಹುಟ್ಟಿದ ರೀತಿಯನ್ನು ವಿವರಿಸತೊಡಗಿದೆ.

ನಮ್ಮ ಸಾಂಗಲಿ ಕಾಲೇಜಿನ, ಬುಧಗಾಂವದ ಸಚಿನ್ ಮೆಲ್ಲಗೆ ಹೇಳಿದ. "ಮ್ಯಾಡಂ, ಅನ್ನಪೂರ್ಣಾ ಹೊಂಟಾಳ ನೋಡ್ರಿ."

ಹೌದು, ಹೊರಟಿದ್ದಳು. ನಮ್ಮ ಕಣ್ಣೆದುರೇ ಪಕ್ಕದ ಬೆಟ್ಟಕ್ಕೆ ಸರಿದು, ಎರಡು ತುಂಡಾಗಿ, ಕರಗಿಹೋದಳು. ಯಾರೂ ನಗಲಿಲ್ಲ. ಎರಡೂ ಊರಿನವರು ಸೇರಿ ನಗು ತಡೆದುಕೊಂಡದ್ದು ಅದೇ ಮೊದಲು.

ಮುಂದೆ ಚಹಾದಂಗಡಿಯೊಂದರ ಬಳಿ ಬಸ್ಸು ನಿಂತಿತು. ಅಂಗಡಿಯ ಅಜ್ಜಿ ತನ್ನ ಹರಕು ಹಿಂದಿಯಲ್ಲಿ, ಹಿತ್ತಿಲ ದಿಬ್ಬ ಹತ್ತಿದರೆ ನಿಜವಾದ ಹಿಮದ ಬೆಟ್ಟ ಕಾಣುತ್ತದೆ ಎಂದಳು. ಮೊದಲು ನಾನು ನೋಡಿ ಖಾತ್ರಿ ಮಾಡಿಕೊಂಡು ಆಮೇಲೆ ಹುಡುಗರನ್ನು ಕರೆಯೋಣ ಎಂದು ಒಬ್ಬಳೇ ಹತ್ತಿದೆ. ಮೋಡ ಸರಿಯಲಿಲ್ಲ. ಕಾದೆ. ಮತ್ತೂ ಕಾದೆ. ಕೆಳಗೆ ಇಳಿದು ಬಂದರೆ ರಸ್ತೆ ಬರಿದಾಗಿತ್ತು.

"ಬಸ್ ಗಯಾ," ಎಂದಳು ಅಜ್ಜಿ.

ನನ್ನ ವ್ಯವಸ್ಥೆ ತಪ್ಪಿಲ್ಲದೆ ನಡೆದಿತ್ತು. ಎಲ್ಲ ಜೋಡಿಗಳೂ ಬಂದಿದ್ದವು, ಎಲ್ಲರೂ ಕೂಗಿ ಹೇಳಿದ್ದರು, ಡ್ರೈವರ್ ಬಸ್ಸು ಬಿಟ್ಟಿದ್ದ. ನನಗೆ ಮಾತ್ರ ನಾನು ಜೋಡಿ ಹಾಕಿರಲಿಲ್ಲ.

ಪರ್ಸು ಬಸ್ಸಿನಲ್ಲಿ. ಫೋನು ಗಡಿ ದಾಟಿದಾಗಿನಿಂದ ಮೂಕ. ಅಜ್ಜಿ ತನ್ನ ಶಾಲು ಹೊದಿಸಿ, ಒಲೆಯ ಹತ್ತಿರ ಕೂರಿಸಿ, ಬೆನ್ನು ನೀವಿದಳು. ಆ ಹೊತ್ತಿಗೇ ಅಂಗಡಿಯ ಎದುರಿನ ಮೋಡ ಹರಿಯಿತು. ಅರ್ಧ ಆಕಾಶಕ್ಕೆ ಹಿಮದ ಬೆಟ್ಟ ನಿಂತಿತ್ತು. ಕಲಿಸಿದ ಒಂದು ಮಾತೂ ನೆನಪಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ತೋರಿಸಲು ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಬಸ್ಸು ತಿರುಗಿ ಬಂತು. ಮೊದಲು ಇಳಿದು ಓಡಿ ಬಂದವಳು ಮಿರಜದ ಕಾಲೇಜಿನ ಸಾವಿತ್ರಿ, ಕರ್ನಾಟಕದ ಗಡಿಯ ಹಳ್ಳಿಯಲ್ಲಿ ಕುರಿ ಸಾಕುವ ಮನೆಯವಳು. ಅವಳೇ ಬಸ್ಸಿನಲ್ಲಿ, "ಕುರಿ ಎಲ್ಲಾ ಅದಾವ, ಕಾಯಾಕಿ ಎಲ್ಲ್ಯದಾಳ?" ಎಂದು ಕೇಳಿದ್ದಂತೆ. ಡ್ರೈವರ್ ತಿರುಗಿಸಲು ಒಪ್ಪದಿದ್ದಾಗ ಸಚಿನ್ ಬಾಗಿಲಲ್ಲಿ ಅಡ್ಡ ಕುಳಿತನಂತೆ. ಅವನ ಪಕ್ಕ ಮಿರಜದ ಹುಡುಗರೂ ಕುಳಿತರಂತೆ.

"ಬೆಟ್ಟ ಕಂಡಿತ್ರವಾ, ಖರೇನ," ಎಂದು ಕೈ ತೋರಿಸಿದೆ. ಮೋಡ ಮತ್ತೆ ಮುಚ್ಚಿತ್ತು.

"ಹೌದ್ರಿ ಮ್ಯಾಡಂ, ಕಂಡಿರಬೇಕ್ರಿ," ಎಂದು ಸಾವಿತ್ರಿ ಮಗುವನ್ನು ರಮಿಸುವಂತೆ ನನ್ನ ಕೈ ಹಿಡಿದುಕೊಂಡಳು.

ಅಂದಿನಿಂದ ಬಸ್ಸಿನಲ್ಲಿ ಎಡ ಬಲ ಉಳಿಯಲಿಲ್ಲ. ನನ್ನನ್ನು ಕಾಯುವ ಕೆಲಸಕ್ಕೆ ಎರಡೂ ಊರಿನವರು ಪಾಳಿ ಹಾಕಿಕೊಂಡರು. ಮುಂದಿನ ಅಂಗಡಿಯಲ್ಲಿ ನಾನು ಇಳಿಯಲು ಎದ್ದರೆ ಸಚಿನ್ ಅಡ್ಡ ನಿಂತ.

"ಕುಂದ್ರಿ ಮ್ಯಾಡಂ, ಚಹಾ ನಾವ ತರತೇವಿ."

ನೇಪಾಳದ ಉಳಿದ ಚಹಾವನ್ನೆಲ್ಲ ನಾನು ಬಸ್ಸಿನ ಕಿಟಕಿಯಿಂದಲೇ ಕುಡಿದೆ.