ಮೊದಲು ಮಾಸ್ತರರ ಕಣ್ಣು

ಇನ್ನೊಬ್ಬರ ಕಣ್ಣಿನ ಆಪರೇಶನ್ನಿಗೆ ನನ್ನಷ್ಟು ಧೈರ್ಯವಿದ್ದವರು ಇಡೀ ನಿಪ್ಪಾಣಿಯಲ್ಲಿ ಯಾರೂ ಇರಲಿಲ್ಲ. ಎಂಬತ್ತರ ದಶಕದ ಕೊನೆಯ ಮಾತಿದು. ನಾನಾಗ ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಹುಟ್ಟಿ ಬೆಳೆದದ್ದು ಚಿಕ್ಕೋಡಿಯಾದ್ದರಿಂದ ಮರಾಠಿಯೂ ಬಾಯಲ್ಲಿ ಸಲೀಸು. ದೀಪಾವಳಿ ಸೂಟಿಯಲ್ಲಿ ಊರ ವ್ಯಾಪಾರಿಗಳು ಕೂಡಿ ನಮ್ಮ ಶಾಲೆಯಲ್ಲೇ ಕಣ್ಣಿನ ಶಿಬಿರ ಇಟ್ಟರು. ಡಾಕ್ಟರರು ಮೈಸೂರು ಕಡೆಯವರು. ಅವರ ಮಾತು ನಮ್ಮ ಮಂದಿಗೆ ಅರ್ಧ ತಿಳಿಯದು, ನಮ್ಮ ಮಂದಿಯದು ಅವರಿಗೆ ಪೂರ್ತಿ ತಿಳಿಯದು. ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನದಾಯಿತು. ದಾಟಿಸುವಾಗ ತನ್ನದೂ ನಾಲ್ಕು ಮಾತು ಸೇರಿಸುವುದು ಮಾಸ್ತರಿಕೆಯ ಚಟ. ಅವರು "ಸ್ವಲ್ಪ ನೋಯುತ್ತೆ" ಅಂದರೆ ನಾನು "ಇರಿವಿ ಕಡದಂಗ ಆಗತೈತಿ, ಅಷ್ಟ" ಅನ್ನುತ್ತಿದ್ದೆ.

ಒಬ್ಬೊಬ್ಬರಿಗೆ ಒಂದೊಂದು ಹೆದರಿಕೆ. ರಾಯಬಾಗ ಕಡೆಯ ರೈತನೊಬ್ಬ, "ಕಣ್ಣಗುಡ್ಡಿ ತಗದು ಬಟ್ಟಲದಾಗ ಇಡ್ತಾರಂತಲ್ರಿ. ತಿರುಗಿ ಹಚ್ಚೂಮುಂದ ಬ್ಯಾರೇದವರದು ನನಗ ಬಂದ್ರ?" ಎಂದು ಕೇಳಿದ. ಕಾಗವಾಡದ ಜೈನ ಹಿರಿಯರೊಬ್ಬರಿಗೆ ಕತ್ತರಿಯ ಭಯ ಇರಲೇ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಹೊತ್ತು ಮುಳುಗಿದ್ದು ತಿಳಿಯುವುದು ಹೇಗೆ, ಅದಕ್ಕೆ ಮೊದಲೇ ಊಟ ಮುಗಿಸುವುದು ಹೇಗೆ ಎಂಬುದೇ ಚಿಂತೆ. ದಿನಾ ಸಂಜೆ ಬಂದು ಕೂಗಿ ಹೇಳುವುದಾಗಿ ನಾನೇ ಮಾತು ಕೊಟ್ಟೆ.

ಕಡೆಗೆ ಬಂದವಳು ತಾನವ್ವ, ಬೀಡಿ ಕಟ್ಟುವ ಮುದುಕಿ. ಎರಡೂ ಕಣ್ಣು ಹಾಲಿನಂತೆ ಬೆಳ್ಳಗೆ. ಸೊಸೆ ಶೇವಂತಿ ಕೈಹಿಡಿದು ಕರೆತಂದಿದ್ದಳು. ಗೇಟಿನಿಂದ ಮೇಜಿನವರೆಗೂ ಅತ್ತೆ-ಸೊಸೆ ಜಗಳಾಡುತ್ತಲೇ ಬಂದರು. ನನ್ನ ಭಾಷಣವನ್ನೆಲ್ಲ ಕೇಳಿದ ತಾನವ್ವ, "ಮಾಸ್ತರ, ನೀವು ಮಾಡಿಸ್ಕೊಂಡೀರೇನು?" ಅಂದಳು.

"ನನಗೇನಾಗೈತಿ, ಅಜ್ಜಿ?" ಎಂದು ನಕ್ಕೆ. ಡಾಕ್ಟರರು ತಮಾಷೆಗೆಂದು ನನ್ನ ಕಣ್ಣಿಗೂ ಬ್ಯಾಟರಿ ಬಿಟ್ಟರು. "ಮೇಷ್ಟ್ರೇ, ಬಲಗಣ್ಣಿಗೆ ಪೊರೆ ಬಂದಿದೆಯಲ್ರೀ! ಗೊತ್ತಾಗ್ಲೇ ಇಲ್ವಾ?"

ಗೊತ್ತಾಗಿರಲಿಲ್ಲ. ಎರಡು ವರ್ಷದಿಂದ ಮನೆಯ ಬಲ್ಬಿಗೆ ಬೈದಿದ್ದೆ, ಹುಡುಗರ ಅಕ್ಷರ ಕೆಟ್ಟಿದೆಯೆಂದು ಅಂಕ ಕಡಿದಿದ್ದೆ. ಆ ಮಾತನ್ನು ನಾನು ಯಾರಿಗೂ ದಾಟಿಸಲಿಲ್ಲ. ಆದರೆ ಅಷ್ಟೊತ್ತು ಮಾತಾಡುತ್ತಿದ್ದ ಬಾಯಿ ಒಮ್ಮೆಲೇ ಬಂದಾದದ್ದರಿಂದಲೇ ಮುದುಕಿಗೆ ಎಲ್ಲ ತಿಳಿಯಿತು. "ಮೊದಲ ಮಾಸ್ತರ, ಆಮ್ಯಾಲೆ ನಾ!" ಎಂದು ಎದ್ದು ನಿಂತಳು. ಹಿಂದಿನ ಬೆಂಚಿನವರೂ ನಾಲ್ಕೈದು ಮಂದಿ ಎದ್ದರು. ಶೇವಂತಿ, "ಅತ್ತಿ, ಶಿಬಿರ ಮತ್ತ ಯಾವಾಗೋ ಏನೋ, ಕುಂದರ್ರಿ" ಎಂದು ಗೋಗರೆದಳು. ಡಾಕ್ಟರರು ನನ್ನ ಕಿವಿಯಲ್ಲಿ, "ಈಗ ಬಿಟ್ಟರೆ ಈ ಅಜ್ಜಿಗೆ ಮುಂದೆ ಕಾಣೋದು ಕಷ್ಟ" ಎಂದರು. ಮನೆಯಲ್ಲಿ ಕೇಳಬೇಕು ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಕೇಳೂದೇನೈತಿ? ಹೋಗಿ ಮಲಕೋರಿ" ಅಂದಳು.

ಮರುದಿನ ಬೆಳಿಗ್ಗೆ ಕಣ್ಣಿನ ಪಕ್ಕ ಸೂಜಿ ಚುಚ್ಚಿದಾಗ ನಾನು "ಯವ್ವಾ!" ಎಂದದ್ದು ಆಟದ ಮೈದಾನಕ್ಕೂ ಕೇಳಿಸಿತಂತೆ. ಆಮೇಲೆ ನೋವಿಲ್ಲ, ತಟ್ಟೆಯಲ್ಲಿ ಸಾಮಾನಿನ ಕಿಣಿಕಿಣಿ ಮಾತ್ರ. ಆದರೂ ಹೆದರಿಕೆ ಹೋಗಲಿಲ್ಲ. ನಿಪ್ಪಾಣಿಯ ಗಾಳಿಯೆಂದರೆ ತಂಬಾಕಿನ ಘಾಟು; ನಮಗೇನೋ ರೂಢಿ, ಹೊಸಬರಾದ ಡಾಕ್ಟರರು ಈಗ ಸೀನಿದರೆ? ಆ ಅರ್ಧ ತಾಸು ನಾನು ನೆನೆದ ದೇವರೆಲ್ಲ ಅವರ ಮೂಗಿಗಾಗಿಯೇ.

ಪಟ್ಟಿ ಕಟ್ಟಿ ಹೊರಗೆ ತಂದಾಗ ತಾನವ್ವನ ದನಿ ಕೇಳಿತು. "ನೂಸ್ತೇನ್ರಿ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಸೂಜಿ ಚುಚ್ಚೂಮುಂದ ನೂಸತೈತಿ, ಅಜ್ಜಿ. ಹೆದರಿಕೀನೂ ಭಾಳ ಆಗತೈತಿ. ಆಮ್ಯಾಲೆ ಏನೂ ಇಲ್ಲ."

"ಹಂಗಾರ ನಡೀರಿ, ಮಾಡಿಸ್ಕೊಂತೀನಿ. ನಿನ್ನಿ ಇರಿವಿ ಇರಿವಿ ಅಂದ್ರಲ್ಲ, ಅದಕ್ಕ ನಂಬಿಕಿ ಬರಲಿಲ್ಲ."

ಆರನೆಯ ದಿನ ಪಟ್ಟಿ ಬಿಚ್ಚಿದರು. ಯಾರೂ ಅಳಬಾರದು, ಕಣ್ಣಿಗೆ ಅಪಾಯ ಎಂದು ಡಾಕ್ಟರರು ಹೇಳಿದ್ದನ್ನು ನಾನು ವಾರ್ಡಾಗಿ ಮಾಡಿದ್ದ ಇಡೀ ಕ್ಲಾಸಿಗೆ ಎರಡೂ ಭಾಷೆಯಲ್ಲಿ ಸಾರಿದೆ. ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡ ತಾನವ್ವ ಎದುರಿಗೆ ನಿಂತವಳನ್ನು ಬಹಳ ಹೊತ್ತು ನೋಡಿದಳು. ಶೇವಂತಿ ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತಂತೆ. ಆಕೆ ಬರುವ ಹೊತ್ತಿಗಾಗಲೇ ಮುದುಕಿಯ ಕಣ್ಣು ಮಂಜಾಗಿತ್ತು. ಸೊಸೆಯ ಮುಖವನ್ನು ಆಕೆ ನೋಡುತ್ತಿದ್ದದ್ದು ಅದೇ ಮೊದಲು.

"ಏ, ಇಷ್ಟ ಸಣ್ಣಾಕಿ ಅದೀಯಲ್ಲ!" ಅಂದಳು. "ಬಾಯಿ ಕೇಳಿ ಭಾಳ ದೊಡ್ಡಾಕಿ ಅನ್ಕೊಂಡಿದ್ನಿ." ಆಮೇಲೆ ಕೆನ್ನೆ ಸವರಿ, "ಸೊರಗಿ ಹೋಗೀದಿ. ಉಣ್ಣಂಗಿಲ್ಲೇನ?" ಎಂದಳು.

"ನೀವು ಬೈಯೂದು ಬಿಟ್ರ ಉಣ್ತೀನ್ರಿ" ಎಂದು ಶೇವಂತಿ ನಕ್ಕಳು. ತಾನವ್ವನೂ ನಕ್ಕಳು. ಆಕೆಯ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇಡೀ ವಾರ್ಡಿನಲ್ಲಿ ಅಂದು ಡಾಕ್ಟರರಿಂದ ಬೈಸಿಕೊಂಡ ರೋಗಿ ಒಬ್ಬನೇ. "ಮೇಷ್ಟ್ರೇ, ಅಳು ನಿಲ್ಸಿ! ಈಗ ತಾನೆ ಎಲ್ಲರಿಗೂ ಹೇಳಿದ್ದು ನೀವೇ ಅಲ್ವಾ?"

"ಏನಂತಾರ್ರಿ ಡಾಕ್ಟರು?" ಎಂದು ತಾನವ್ವ ಕೇಳಿದಳು.

"ನನ್ನ ಕಣ್ಣು ಭಾಳ ಚಲೋ ಆಗೈತಂತ" ಎಂದು ದಾಟಿಸಿದೆ.